ಹಳೇ ಜೀಪು ಮಿಂಚಲೇಬೇಕು ಅಂತ ಯಾರು ಹೇಳಿದ್ದು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೇ ಫೋರ್ ವೀಲ್ ಗಾಡಿಗಳನ್ನ ಮನೇಲೇ ಬಿಚ್ಚಿ, ಬಣ್ಣ ಹೊಡ್ದು ಹೊಸದು ಮಾಡೋರ ಬಗ್ಗೆ ಬಂದಿದ್ದ ಲೇಖನ ಓದಿದೆ, ಖುಷಿ ಆಯ್ತು, ಯಾಕಂದ್ರೆ ಹೊಸ ಕಾರಿನ ಟಚ್ ಸ್ಕ್ರೀನು ಸನ್ ರೂಫು ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ಸ್ಪ್ಯಾನರ್ ಹಿಡ್ಕೊಂಡು ಗಾಡಿ ಕೆಳಗೆ ಮಲಗೋರ ಬಗ್ಗೆ ಬರೆಯೋರು ಕಮ್ಮಿ. ಆದ್ರೆ ಒಂದು ತಕರಾರಿದೆ. ಲೇಖನದಲ್ಲಿ ‘ಮೊದಲು’ ಅಂತ ಒಂದು ಫೋಟೋ, ತುಕ್ಕು ತಿಂದು ತೂತು ಬಿದ್ದ ಜೀಪು, ‘ನಂತರ’ ಅಂತ ಇನ್ನೊಂದು, ಅದರಲ್ಲಿ ಬಾನೆಟ್ಟು ಹೆಂಗಿದೆ ಅಂದ್ರೆ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ನಡುವೆ ಏನಾಯ್ತು ಅನ್ನೋದಕ್ಕೆ ಒಂದೇ ಸಾಲು, ‘ತುಕ್ಕು ತೆಗೆದು ಟೂ ಕೆ ಪೇಂಟ್ ಸ್ಪ್ರೇ ಮಾಡಲಾಯಿತು’. ಪಕ್ಕದಲ್ಲಿ ಸ್ಪ್ರೇ ಗನ್ ಹಿಡಿದ ಹುಡುಗ, ಮೂಗಿಗೆ ಕರ್ಚೀಫು. ನಾನೀ ಪತ್ರ ಬರೀತಿರೋದು ಆ ಒಂದು ಸಾಲಿಗೆ ಮತ್ತು ಆ ಕರ್ಚೀಫಿಗೆ.

ಮೊದಲು ‘ತುಕ್ಕು ತೆಗೆದು’ ಅನ್ನೋ ಮಾತಿಗೆ ಬರ್ತೀನಿ. ಈ ಕೆಲ್ಸ ಮಾಡೋ ಯಾರನ್ನ ಬೇಕಾದ್ರೂ ಕೇಳಿ, ಇಡೀ ಕೆಲ್ಸ ಇರೋದೇ ಅಲ್ಲಿ, ಬಣ್ಣ ಹೊಡೆಯೋದು ಕೊನೇ ದಿನಗಳ ಮಾತು. ಕಬ್ಬಿಣ ತುಕ್ಕಾದ್ರೆ ಅದಕ್ಕೆ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಮೀರಿ ಜಾಗ ಬೇಕಾಗತ್ತೆ, ಅದಕ್ಕೇ ಎರಡು ತಗಡು ಸೇರೋ ಕಡೆ ಒಳಗೊಳಗೇ ಉಬ್ಬಿ ಸ್ಪಾಟ್ ವೆಲ್ಡನ್ನೇ (ಚುಕ್ಕಿ ಚುಕ್ಕಿಯಾಗಿ ಹಾಕಿದ ಬೆಸುಗೆ) ಕಿತ್ತು ಹಾಕತ್ತೆ, ಹೊರಗಡೆಯಿಂದ ನೋಡಿದ್ರೆ ಬಣ್ಣದ ಮೇಲೆ ಎಲ್ಲೋ ಎರಡು ಗುಳ್ಳೆ ಅಷ್ಟೇ. ಆ ಗುಳ್ಳೆ ನೋಡಿ ಮೇಲ್ಮೇಲೆ ಉಜ್ಜಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಾಕೋ ಅಡಿಪದರ) ಬಳಿದ್ರೆ ಮುಂದಿನ ಮಳೆಗಾಲದ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಗುಳ್ಳೆ ಹಾಜರ್, ಯಾಕಂದ್ರೆ ತುಕ್ಕು ಶುರುವಾಗಿದ್ದು ಹಿಂದುಗಡೆಯಿಂದ, ನಾವು ಉಜ್ಜಿದ್ದು ಮುಂದುಗಡೆ.

ಇಂಥಾ ಗಾಡಿಗಳಲ್ಲಿ ನೋಡ್ಬೇಕಾದ ಜಾಗಗಳು ಹೆಚ್ಚೂಕಮ್ಮಿ ಎಲ್ಲಾ ಕಂಪನಿಗೂ ಒಂದೇ. ಕಾಲಿಡೋ ಫ್ಲೋರು, ಡೋರಿನ ತಳ, ಬ್ಯಾಟರಿ ಕೂರೋ ಟ್ರೇ ಕೆಳಗೆ (ಆಸಿಡ್ ಸುರಿದು ಸುರಿದು ತಗಡು ಬಿಸ್ಕತ್ ಥರ ಆಗಿರತ್ತೆ), ಬಾಡಿ ಚಾಸಿಗೆ (ಗಾಡಿಯ ಅಡಿಚೌಕಟ್ಟು) ಕೂರೋ ಮೌಂಟುಗಳು, ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗು ಚಾಸಿಗೆ ಸೇರೋ ಬ್ರಾಕೆಟ್ಟು) ಹತ್ರ, ಚಾಸಿಯ ಹಿಂದಿನ ಅಡ್ಡಪಟ್ಟಿ. ಚಾಸಿ ಬಾಕ್ಸ್ ಮಾದರಿ (ಒಳಗೆ ಟೊಳ್ಳು) ಆಗಿದ್ರೆ ಅದಕ್ಕೆ ನೀರು ಹೊರಗೆ ಹೋಗೋಕೆ ಅಂತ ತೂತು ಕೊಟ್ಟಿರ್ತಾರೆ, ವರ್ಷಗಟ್ಟಲೆ ಕೆಸರಲ್ಲಿ ಓಡಿ ಆ ತೂತು ಮುಚ್ಚಿ ಹೋಗಿರತ್ತೆ, ಒಳಗೆ ಮಣ್ಣು ನೀರು ಹಿಡ್ಕೊಂಡು ಕೂತಿರತ್ತೆ. ಒಂದು ಸಣ್ಣ ಸುತ್ತಿಗೆ ತಗೊಂಡು ಚಾಸಿ ಉದ್ದಕ್ಕೂ ಟಣ್ ಟಣ್ ಅಂತ ಬಡೀತಾ ಹೋಗಿ, ಗಟ್ಟಿ ಇರೋ ಕಡೆ ಗಂಟೆ ಬಡಿದ ಥರ ಸದ್ದು ಬರತ್ತೆ, ಸತ್ತಿರೋ ಕಡೆ ಧಪ್ ಅನ್ನತ್ತೆ, ಅಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿದ್ರೆ ಒಳಗೇ ಹೋಗ್ಬಿಡತ್ತೆ. ಈ ಐದು ನಿಮಿಷದ ಪರೀಕ್ಷೆ ಮಾಡದೇ ಬಣ್ಣದ ಕ್ಯಾಟಲಾಗ್ ತೆಗೆಯೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರತ್ತೆ.

ಪಟ್ಟಿ (ತಗಡಿಗೆ ಮೆತ್ತೋ ಪುಟ್ಟಿ ಪೇಸ್ಟು) ವಿಷ್ಯ ಹೇಳ್ಲೇಬೇಕು. ಪಾಲಿಯೆಸ್ಟರ್ ಪಟ್ಟಿ ಇರೋದು ತಗಡು ತಟ್ಟಿ ಸರಿ ಮಾಡಿದ್ಮೇಲೆ ಉಳಿಯೋ ಸಣ್ಣ ಏರುತಗ್ಗು ತುಂಬೋಕೆ, ಉಜ್ಜಿದ್ಮೇಲೆ ಸುಮಾರು 3 ಮಿಲಿಮೀಟರಿಗಿಂತ ದಪ್ಪ ಉಳೀಬಾರದು. ಅದರಲ್ಲಿರೋ ಟಾಲ್ಕ್ ಪುಡಿ ನೀರು ಹೀರತ್ತೆ, ಹಾಗಾಗಿ ತೂತಿನ ಮೇಲೆ ಪಟ್ಟಿ ಮೆತ್ತಿದ್ರೆ ಹಿಂದಿನಿಂದ ತೇವ ಎಳ್ಕೊಂಡು ಸುತ್ತಲಿನ ಒಳ್ಳೇ ತಗಡನ್ನೂ ಕೆಡಿಸತ್ತೆ. ನಾವೊಂದು ಹಳೇ ಗಾಡೀದು ಡೋರ್ ಕೆಳಗಿನ ಭಾಗ ಕೆರೆದಾಗ ಪಟ್ಟಿ ಪದರ ಪದರವಾಗಿ ಎದ್ದು ಬಂತು, ಬೆರಳು ದಪ್ಪ ಇತ್ತು, ಅದರ ಹಿಂದೆ ಸೊಳ್ಳೆ ಪರದೆ ಥರದ ಒಂದು ಜಾಲರಿ, ಜಾಲರಿ ಹಿಂದೆ ಮಡಚಿ ಮಡಚಿ ತುರುಕಿದ ನ್ಯೂಸ್ ಪೇಪರು! ಕ್ರೀಡಾ ಪುಟ. ಯಾರೋ ಹಿಂದಿನ ಮಾಲೀಕರಿಗೆ ಯಾವುದೋ ಗ್ಯಾರೇಜಿನೋರು ಇದಕ್ಕೆ ದುಡ್ಡು ತಗೊಂಡು ಮೇಲೆ ನುಣ್ಣಗೆ ಬಣ್ಣ ಹೊಡ್ದು ಕೊಟ್ಟಿದ್ರು. ಪತ್ರಿಕೆಗಳಿಂದ ಸಮಾಜಕ್ಕೆ ಆಧಾರ ಸಿಗತ್ತೆ ಅಂತ ಕೇಳಿದ್ದೆ, ಡೋರಿಗೂ ಸಿಗತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಹಳೇ ಗಾಡಿ ಕೊಳ್ಳೋರು ಜೇಬಲ್ಲೊಂದು ಸಣ್ಣ ಮ್ಯಾಗ್ನೆಟ್ಟು ಇಟ್ಕೊಂಡು ಹೋಗಿ, ತೆಳ್ಳನೆ ಬಟ್ಟೆ ಸುತ್ತಿ ಬಾಡಿ ಮೇಲೆ ಆಡಿಸಿ, ಅದು ಹಿಡಿಯದೇ ಜಾರಿದ ಕಡೆ ಕೆಳಗೆ ತಗಡಿಲ್ಲ, ಇಲ್ಲಾ ಪಟ್ಟಿ ದಪ್ಪಗಿದೆ ಅಂತ ಲೆಕ್ಕ. ಹಳೇ ಲ್ಯಾಂಡ್ ರೋವರ್‌ಗೆ ಮಾತ್ರ ಈ ಪರೀಕ್ಷೆ ನಡೆಯಲ್ಲ, 1948ರಲ್ಲಿ ಅದು ಬಂದಾಗ ಬ್ರಿಟನ್ನಲ್ಲಿ ಸ್ಟೀಲಿಗೆ ಬರ ಇತ್ತು, ಅದಕ್ಕೆ ಬಾಡಿ ಪ್ಯಾನೆಲ್ಲುಗಳನ್ನ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದ್ರು. ಹಂಗಂತ ಅದಕ್ಕೆ ರೋಗ ಇಲ್ಲ ಅಂತಲ್ಲ, ಚಾಸಿ ಸ್ಟೀಲೇ, ಅಲ್ಯೂಮಿನಿಯಮ್ಮೂ ಸ್ಟೀಲೂ ತಾಗಿರೋ ಕಡೆ ನೀರು ಸೇರಿದ್ರೆ ಅಲ್ಯೂಮಿನಿಯಂ ಬಿಳೀ ಪುಡಿ ಆಗಿ ಉದುರತ್ತೆ. ಅಂಥಾ ಕಡೆ ಮಧ್ಯೆ ರಬ್ಬರೋ ಸೀಲರ್ರೋ ಇಟ್ಟೇ ಬೋಲ್ಟ್ ಹಾಕ್ಬೇಕು.

ತೂತು ಬಿದ್ದ ಕಡೆ ಕೊಳೆತಿದ್ದನ್ನ ಕತ್ತರಿಸಿ ಗಟ್ಟಿ ತಗಡಿನ ತನಕ ಹೋಗಿ ಹೊಸಾ ತುಂಡು ವೆಲ್ಡ್ ಮಾಡೋದೊಂದೇ ದಾರಿ. ತೆಳು ತಗಡಿಗೆ ಮಿಗ್ ವೆಲ್ಡಿಂಗ್ (ಗನ್ನಿಂದ ತಂತಿ ತಾನಾಗೇ ಬಂದು ಕರಗೋ ಬೆಸುಗೆ) ಮಾಡೋರು ಉದ್ದಕ್ಕೆ ಎಳೀಬೇಡಿ, ಇಲ್ಲೊಂದು ಚುಕ್ಕಿ ಅಲ್ಲೊಂದು ಚುಕ್ಕಿ ಹಾಕ್ತಾ ಆರೋಕೆ ಬಿಡ್ತಾ ಹೋಗಿ, ಇಲ್ಲಾಂದ್ರೆ ಇಡೀ ಪ್ಯಾನೆಲ್ಲು ಹಪ್ಪಳದಂಗೆ ಸುರುಟ್ಕೊಳತ್ತೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕಳಚಿಡಿ. ಪೆಟ್ರೋಲ್ ಟ್ಯಾಂಕ್ ಹತ್ರ ಅಂತೂ ಹೋಗ್ಲೇಬೇಡಿ, ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ, ಒಳಗಿರೋದು ಆವಿ. ಇನ್ನೊಂದು ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು, ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರೋ ಸಾಲ್ವೆಂಟ್ ಇರತ್ತೆ, ಅದನ್ನ ಹೊಡ್ದು ಒಣಗೋ ಮುಂಚೆ ವೆಲ್ಡಿಂಗ್ ಮಾಡಿದ್ರೆ ಆರ್ಕ್‌ನ ಬಿಸಿಗೂ ಬೆಳಕಿಗೂ ಫಾಸ್ಜೀನ್ ಅನ್ನೋ ವಿಷ ಗಾಳಿ ಹುಟ್ಟತ್ತೆ, ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಅದನ್ನೇ. ಡಬ್ಬದ ಮೇಲೆ ಬರೆದಿರೋದನ್ನ ಓದಿ.

ಬ್ರೇಕ್ ಅಂದ ಕೂಡ್ಲೇ ನೆನಪಾಯ್ತು, ಆ ಕಾಲದ ಬ್ರೇಕ್ ಲೈನಿಂಗು ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ (ಧೂಳು ಶ್ವಾಸಕೋಶ ಕೆಡಿಸೋ ನಾರು) ಇರೋದು ಮಾಮೂಲು, ಡ್ರಮ್ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡ್ದು ಧೂಳು ಹಾರಿಸೋ ಅಭ್ಯಾಸ ಬಿಡಿ, ಒದ್ದೆ ಮಾಡಿ ಬಟ್ಟೇಲಿ ಒರೆಸಿ ತೆಗೀರಿ. ಹಳೇ ಬಣ್ಣಾನೂ ಹಂಗೇ, ಅದರಲ್ಲಿ ಸೀಸ ಇರಬಹುದು, ಅದರಲ್ಲೂ ಹಳದಿ ಕೆಂಪು ಬಣ್ಣಗಳಲ್ಲಿ, ಕೆಲವು ಹಳೇ ಪ್ರೈಮರುಗಳಲ್ಲಿ ಕ್ರೋಮೇಟು ಅನ್ನೋ ವಿಷ. ಗ್ರೈಂಡರ್ ಹಾಕಿ ಒಣ ಧೂಳೆಬ್ಬಿಸಿ ಆಮೇಲೆ ಅದೇ ಬಟ್ಟೇಲಿ ಮಗೂನ ಎತ್ಕೊಂಡ್ರೆ? ವಾಟರ್ ಪೇಪರ್ ಹಾಕಿ ಒದ್ದೆಯಾಗೇ ಉಜ್ಜಿ, ಆ ಕೆಸರನ್ನ ಗಿಡದ ಬುಡಕ್ಕೆ ಚೆಲ್ಲಬೇಡಿ.

ಸಣ್ಣ ಭಾಗಗಳಿಗೆ, ಅಂದ್ರೆ ಬ್ರಾಕೆಟ್ಟು ಹಿಂಜು ಹುಕ್ಕು ಇಂಥವಕ್ಕೆ ಎಲೆಕ್ಟ್ರೋಲಿಸಿಸ್ ಬಹಳ ಚೆಂದ ಕೆಲ್ಸ ಮಾಡತ್ತೆ. ಪ್ಲಾಸ್ಟಿಕ್ ಟಬ್ಬಲ್ಲಿ ನೀರಿಗೆ ವಾಷಿಂಗ್ ಸೋಡಾ ಹಾಕಿ, ತುಕ್ಕು ಹಿಡಿದ ಸಾಮಾನಿಗೆ ಬ್ಯಾಟರಿ ಚಾರ್ಜರಿನ ನೆಗೆಟಿವ್ ಕೊಟ್ಟು, ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್ ಕೊಟ್ಟು, ಎರಡೂ ಒಂದಕ್ಕೊಂದು ತಾಗದಂಗೆ ಬಿಟ್ರೆ ಮಾರನೇ ದಿನ ತುಕ್ಕು ಕಪ್ಪಗಾಗಿ ಸಡಿಲ ಬಿದ್ದಿರತ್ತೆ, ಬ್ರಶ್ಶಲ್ಲಿ ಉಜ್ಜಿದ್ರೆ ಆಯ್ತು. ಬಯಲಲ್ಲೇ ಮಾಡಿ, ಹೈಡ್ರೋಜನ್ ಬರತ್ತೆ, ಕಿಡಿ ತಾಗಿದ್ರೆ ಸಿಡಿಯತ್ತೆ. ಪಾಸಿಟಿವ್‌ಗೆ ಸ್ಟೀಲ್ ಪಾತ್ರೆ ತುಂಡು ಹಾಕ್ಬೇಡಿ, ಸ್ಟೇನ್‌ಲೆಸ್‌ನಿಂದ ಕ್ರೋಮಿಯಂ ಬಿಟ್ಕೊಂಡು ನೀರೆಲ್ಲಾ ವಿಷ ಆಗತ್ತೆ.

ಇಂಜಿನ್ ಗೇರ್ ಬಾಕ್ಸ್ ಕಡೆ ನಾನು ಹೋಗಲ್ಲ, ಅದು ಬೇರೇನೇ ಪುರಾಣ. ಒಂದು ಮಾತ್ರ, ಹಳೇ ವಿಲ್ಲೀಸ್ ಕಂಪನಿ ಜೀಪಿನ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್ಡು (ಬಲಕ್ಕೆ ತಿರುಗಿಸಿದ್ರೆ ಬಿಚ್ಚತ್ತೆ), ಗೊತ್ತಿಲ್ಲದೇ ಪೈಪ್ ಹಾಕಿ ಒದ್ದು ಒದ್ದು ಸ್ಟಡ್ಡೇ ಮುರಿದೋರು ಎಷ್ಟೋ ಜನ, ಬಿಚ್ತಾ ಇದೀನಿ ಅಂದ್ಕೊಂಡು ಬಿಗಿ ಮಾಡ್ತಿರ್ತಾರೆ ಪಾಪ.

ಈಗ ಕರ್ಚೀಫಿಗೆ ಬರ್ತೀನಿ. ಟೂ ಕೆ ಅಂದ್ರೆ ಎರಡು ಡಬ್ಬದ ಪೇಂಟು, ಬಣ್ಣ ಒಂದರಲ್ಲಿ, ಹಾರ್ಡನರ್ ಇನ್ನೊಂದರಲ್ಲಿ. ಗಾಡಿಗೆ ಹೊಡೆಯೋ ಪಾಲಿಯುರಿಥೇನ್ ಪೇಂಟುಗಳಲ್ಲಿ ಆ ಹಾರ್ಡನರ್ ಅಂದ್ರೆ ಐಸೋಸಯನೇಟ್. ಗನ್ನಿಂದ ಮಂಜಿನಂಗೆ ಹಾರಿದಾಗ ಅದು ಶ್ವಾಸಕೋಶಕ್ಕೆ ಹೋಗತ್ತೆ, ಕಣ್ಣಿಂದ ಚರ್ಮದಿಂದಾನೂ ಒಳಗೆ ಸೇರತ್ತೆ. ಪೇಂಟಿಂಗ್ ಕೆಲ್ಸದೋರಿಗೆ ಬರೋ ಆಸ್ತಮಾಗೆ ಇದು ದೊಡ್ಡ ಕಾರಣ ಅಂತ ವೈದ್ಯರಿಗೆ ಚೆನ್ನಾಗಿ ಗೊತ್ತಿರೋ ವಿಷ್ಯ, ಮತ್ತೆ ಒಂದ್ಸಲ ದೇಹ ಇದಕ್ಕೆ ಅಲರ್ಜಿ ಬೆಳೆಸ್ಕೊಂಡ್ರೆ ಆಮೇಲೆ ಎಳ್ಳಷ್ಟು ಸೋಕಿದ್ರೂ ಉಸಿರು ಕಟ್ಟತ್ತೆ, ಆ ಕೆಲ್ಸಕ್ಕೇ ಶರಣು ಹೊಡೀಬೇಕು. ಅಪಾಯ ಆಗೋವಷ್ಟು ಗಾಳೀಲಿ ಇದ್ರೂ ಮೂಗಿಗೆ ವಾಸನೆ ಗೊತ್ತಾಗಲ್ಲ, ಮೂಗಿಗೆ ಬಡಿಯೋದು ತಿನ್ನರ್ ವಾಸನೆ ಅಷ್ಟೇ. ಕರ್ಚೀಫು ಬಿಡಿ, ಧೂಳಿನ ಮಾಸ್ಕೂ ಏನೂ ಮಾಡಲ್ಲ. ಇದ್ದಿಲಿನ ಕಾರ್ಟ್ರಿಜ್ ಮಾಸ್ಕು ಯಾವಾಗ ತುಂಬಿ ಬಿಡ್ತು ಅಂತ ವಾಸನೇಲಿ ತಿಳಿಯೋದೇ ಇಲ್ಲ, ಅದಕ್ಕೇ ಬಾಡಿ ಶಾಪುಗಳಲ್ಲಿ ಬೂತು (ಬಣ್ಣ ಹೊಡೆಯೋಕೇ ಅಂತ ಮುಚ್ಚಿದ ಕೋಣೆ) ಕಟ್ಟಿ, ಹೊರಗಿನಿಂದ ಪೈಪಲ್ಲಿ ಶುದ್ಧ ಗಾಳಿ ಬರೋ ಮುಖವಾಡ ಹಾಕ್ಕೊಂಡು ಹೊಡೀಬೇಕು ಅನ್ನೋದು. ಮನೆ ಶೆಡ್ಡಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿ, ಟೇಬಲ್ ಫ್ಯಾನ್ ಇಟ್ಟು, ಪಕ್ಕದ ಮನೆ ಕಿಟಕಿ ತೆರೆದಿರುವಾಗ ಇದನ್ನ ಹೊಡೆಯೋದನ್ನ ನೀವು ಸಾಹಸ ಅಂತ ಅಚ್ಚು ಹಾಕಿದ್ರಿ, ಅದು ನಂಗೆ ಸರಿ ಕಾಣಲಿಲ್ಲ.

ಹಂಗಾದ್ರೆ ಮನೇಲಿ ಬಣ್ಣಾನೇ ಹೊಡೀಬಾರ್ದಾ ಅಂದ್ರೆ, ಧಾರಾಳವಾಗಿ ಹೊಡೀರಿ, ಗನ್ ಪಕ್ಕಕ್ಕಿಟ್ಟು ರೋಲರ್ ತಗೊಳಿ. ಸಾದಾ ಸಿಂಥೆಟಿಕ್ ಎನಾಮಲ್ಲು, ಹಾರ್ಡನರ್ ಇಲ್ಲದ್ದು (ಬೇಗ ಒಣಗ್ಲಿ ಅಂತ ಎನಾಮಲ್ಲಿಗೆ ಹಾಕೋ ಹಾರ್ಡನರಲ್ಲೂ ಸುಮಾರು ಸಲ ಅದೇ ಐಸೋಸಯನೇಟ್ ಇರತ್ತೆ, ಹುಷಾರು). ಇದನ್ನ ಕೇಳಿ ನಗೋರಿದಾರೆ, ಗೋಡೆಗೆ ಹೊಡೆದಂಗೆ ಗಾಡಿಗೆ ಹೊಡೀತಾರಾ ಅಂತ. ಸ್ವಲ್ಪ ಇತಿಹಾಸ ನೋಡಿ ಸ್ವಾಮಿ. 1941ರಿಂದ 1945ರ ತನಕ ವಿಲ್ಲೀಸ್, ಫೋರ್ಡ್ ಎರಡೂ ಸೇರಿ 6 ಲಕ್ಷಕ್ಕೂ ಮೀರಿ ಜೀಪು ಮಾಡಿದ್ವು, ಅಮೆರಿಕದ ಸೇನೆ ಅದಕ್ಕೆ ಹೊಡೆಸಿದ್ದು ಹೊಳಪೇ ಇಲ್ಲದ ಆಲಿವ್ ಬಣ್ಣ. ಹೊಳಪು ಬೇಡ ಅಂತಲೇ ಹಂಗೆ ಮಾಡಿಸಿದ್ದು, ಬಿಸಿಲಿಗೆ ಮಿಂಚಿದ್ರೆ ಶತ್ರುಗೆ ಕಾಣತ್ತಲ್ಲ. ಆ ಜಾತಿ ಗಾಡಿ ಹುಟ್ಟುವಾಗ ಮಿಂಚೇ ಇರಲಿಲ್ಲ, ಈಗ ಅದಕ್ಕೆ ಮದುವೆ ಕಾರಿನ ಪಾಲಿಶ್ ಯಾಕೆ? ಕಾಡು ದಾರೀಲಿ ಒಂದ್ಸಲ ಹೋಗಿ ಬಂದ್ರೆ ಮುಳ್ಳು ಗೀಚತ್ತೆ, ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಹೊಳಪು ಪದರ) ಮೇಲೆ ಗೀಚಿದ್ರೆ ಇಡೀ ಪ್ಯಾನೆಲ್ ಮತ್ತೆ ಹೊಡೀಬೇಕು, ಮ್ಯಾಟ್ ಎನಾಮಲ್ ಆದ್ರೆ ಸಣ್ಣ ಬ್ರಶ್ಶಲ್ಲಿ ಒತ್ತಿ ಕೈ ತೊಳ್ಕೊಂಡ್ರೆ ಮುಗೀತು. ಇನ್ನೊಂದು ಲಾಭ, ಹೊಳಪಿಲ್ಲದ ಬಣ್ಣ ಏರುತಗ್ಗನ್ನ ಮುಚ್ಕೊಳತ್ತೆ, ಹೊಳಪಿನ ಬಣ್ಣ ಹೊಸಬನ ಕೈಕೆಲಸದ ಒಂದೊಂದು ತಪ್ಪನ್ನೂ ಊರಿಗೆಲ್ಲಾ ಸಾರತ್ತೆ.

ಹೊಡೆಯೋ ಕ್ರಮ ಹೇಳ್ಬಿಡ್ತೀನಿ, ಕೇಳೋರು ಇರ್ತಾರೆ. ಬರೀ ತಗಡು ಕಂಡ ಮೇಲೆ ಅವತ್ತೇ ಎಣ್ಣೆ ಜಿಡ್ಡು ಒರೆಸಿ ಎಪಾಕ್ಸಿ ಪ್ರೈಮರ್ ಹಾಕಿ, ಬ್ರಶ್ಶಲ್ಲಿ ಹಾಕಿದ್ರೂ ನಡೆಯತ್ತೆ, ಕೈಗೆ ಗ್ಲೌಸ್ ಇರ್ಲಿ, ಚರ್ಮಕ್ಕೆ ಆಗಲ್ಲ ಅದು. ರೆಡ್ ಆಕ್ಸೈಡ್ ಪ್ರೈಮರ್ ಹೊಡ್ದು ಮಳೇಲಿ ತಿಂಗಳುಗಟ್ಟಲೆ ನಿಲ್ಲಿಸೋರಿಗೆ ಒಂದು ಮಾತು, ಸಾದಾ ಪ್ರೈಮರ್ ನೀರು ತಡೆಯಲ್ಲ, ಅದರ ಮೂಲಕ ತೇವ ಇಳಿದು ಕೆಳಗೇ ತುಕ್ಕು ಶುರುವಾಗತ್ತೆ. ಪಟ್ಟಿ ಹಾಕಿದ ಕಡೆ 80ರ ಉಜ್ಜೋ ಪೇಪರಿಂದ (ನಂಬರ್ ಹೆಚ್ಚಿದಷ್ಟೂ ನುಣುಪು) ಶುರು ಮಾಡಿ 180, 320 ಅಂತ ಮೇಲೆ ಹೋಗಿ, ಕೈಬೆರಳಲ್ಲಿ ಒತ್ತಿ ಉಜ್ಜಬೇಡಿ, ಒಂದು ಮರದ ತುಂಡಿಗೆ ಪೇಪರ್ ಸುತ್ಕೊಳಿ. ಉಜ್ಜೋ ಮುಂಚೆ ಮೇಲಿಂದ ಕಪ್ಪು ಬಣ್ಣ ತೆಳ್ಳಗೆ ದೂರದಿಂದ ಉದುರಿಸಿದಂಗೆ ಹೊಡೀರಿ, ಉಜ್ಜುವಾಗ ಉಬ್ಬಿರೋ ಕಡೆ ಕಪ್ಪು ಹೋಗತ್ತೆ, ತಗ್ಗಿರೋ ಕಡೆ ಕಪ್ಪು ಉಳಿಯತ್ತೆ, ಕಣ್ಣಿಗೆ ಕಾಣದ ತಗ್ಗೆಲ್ಲಾ ನಕ್ಷೆ ಬರೆದಂಗೆ ಎದ್ದು ಕಾಣತ್ತೆ, ನೋಡೋಕೇ ಒಂಥರಾ ಮಜಾ. ಆಮೇಲೆ ಎನಾಮಲ್ಲಿಗೆ ಸ್ವಲ್ಪ ತಿನ್ನರ್ ಸೇರಿಸಿ ಸಣ್ಣ ಫೋಮ್ ರೋಲರಲ್ಲಿ ತೆಳ್ಳಗೆ, ಮತ್ತೆ ಹೇಳ್ತೀನಿ ತೆಳ್ಳಗೆ, ಮೊದಲನೇ ಕೋಟು ನೋಡಿದ್ರೆ ಅಳು ಬರಬೇಕು ಅಷ್ಟು ಗಲೀಜಾಗಿರತ್ತೆ, ಎರಡು ಮೂರು ಕೋಟಿಗೆ ಕೂತ್ಕೊಳತ್ತೆ. ಕೋಟು ಪೂರ್ತಿ ಗಟ್ಟಿ ಆದ್ಮೇಲೆ 600ರ ವಾಟರ್ ಪೇಪರ್ ಆಡಿಸಿ ಮುಂದಿನದು. ಅರೆಬರೆ ಒಣಗಿದ್ದರ ಮೇಲೆ ಅವಸರ ಮಾಡಿ ಹೊಡೆದ್ರೆ ಕೆಳಗಿನ ಪದರ ಸುಕ್ಕುಗಟ್ಟಿ ಮುದುಕಿ ಮುಖ ಆಗತ್ತೆ, ಆಗ ಮತ್ತೆ ಕೆರೆಯೋದೇ ಗತಿ. ಮುಂಜಾನೆ ಇಬ್ಬನಿ ಇರುವಾಗ, ಮಳೆ ಮೋಡ ಕವಿದಾಗ ಬೇಡ, ತಗಡಿನ ಬಿಸಿ ಇಬ್ಬನಿ ಕಟ್ಟೋ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಸುಡು ಬಿಸಿಲಲ್ಲೂ ಬೇಡ, ರೋಲರ್ ಎಳೆಯೋದ್ರೊಳಗೇ ಒಣಗಿ ಗೆರೆ ಬೀಳತ್ತೆ. ಎನಾಮಲ್ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ಒಣಗ್ತಾ ತಾನಾಗೇ ಬಿಸಿಯಾಗಿ ಹೊತ್ಕೊಳ್ಳೋದುಂಟು, ಬಿಡಿಸಿ ಹರವಿ ಒಣಗಿಸಿ ಇಲ್ಲಾ ನೀರು ತುಂಬಿದ ಡಬ್ಬಕ್ಕೆ ಹಾಕಿ. ರೋಲರಾದ್ರೂ ತಿನ್ನರ್ ಆವಿ ಇದ್ದೇ ಇರತ್ತೆ, ಬಾಗಿಲು ತೆರೆದಿಡಿ, ಆವಿ ತಡೆಯೋ ಕಾರ್ಟ್ರಿಜ್ ಮಾಸ್ಕು ಹಾಕ್ಕೊಳಿ.

ಬಣ್ಣ ಹೊಡೀಬಾರದ ಜಾಗಗಳೂ ಇದಾವೆ, ಇದನ್ನ ಯಾರೂ ಹೇಳಲ್ಲ. ಡಿಫರೆನ್ಶಿಯಲ್ ಹೌಸಿಂಗ್ (ಆಕ್ಸಲ್ ಮೇಲಿರೋ ಗೇರಿನ ಗುಂಡು ಡಬ್ಬ) ಮೇಲೊಂದು ಪುಟ್ಟ ಬ್ರೀದರ್ (ಗಾಳಿ ಆಡೋ ತೂತು) ಇರತ್ತೆ, ಅದರ ಮೇಲೆ ಬಣ್ಣ ಮೆತ್ತಿ ಮುಚ್ಚಿದ್ರೆ ಓಡಿ ಬಿಸಿಯಾದಾಗ ಒಳಗಿನ ಒತ್ತಡ ಆಯಿಲ್ ಸೀಲನ್ನ ತಳ್ಳಿ ಆಯಿಲ್ ಹೊರಗೆ ಬರತ್ತೆ, ಹೊಳೆ ದಾಟುವಾಗ ತಣ್ಣಗಾದ್ರೆ ಅದೇ ಸೀಲಿನಿಂದ ನೀರು ಒಳಗೆ ಎಳ್ಕೊಳತ್ತೆ. ಗ್ರೀಸ್ ನಿಪ್ಪಲ್, ಬ್ರೇಕ್ ಹೋಸು, ರಬ್ಬರ್ ಬುಷ್ ಇವೆಲ್ಲಕ್ಕೂ ಟೇಪ್ ಸುತ್ತಿ. ಅರ್ತ್ ವೈರ್ ಬಾಡಿಗೆ ಕೂರೋ ಜಾಗ ಬರೀ ತಗಡಾಗೇ ಇರ್ಬೇಕು, ಬಣ್ಣ ಕರೆಂಟ್ ಬಿಡಲ್ಲ. ಎಲ್ಲಾ ಜೋಡಿಸಿದ್ಮೇಲೆ ಇಂಡಿಕೇಟರ್ ಹಾಕಿದ್ರೆ ಹೆಡ್‌ಲೈಟ್ ಮಿಣುಕತ್ತೆ, ಬ್ರೇಕ್ ಒತ್ತಿದ್ರೆ ಪಾರ್ಕ್ ಲೈಟ್ ಉರಿಯತ್ತೆ ಅಂತ ಎಲೆಕ್ಟ್ರಿಷಿಯನ್ ಹುಡುಕ್ಕೊಂಡು ಅಲೆಯೋರು ಮೊದಲು ಆ ಬೋಲ್ಟ್ ಬಿಚ್ಚಿ ಕೆಳಗೆ ಉಜ್ಜಿ ನೋಡಿ. ಚಾಸಿ ಒಳಗಡೆಗೆ ಉದ್ದ ನಳಿಗೆ ಹಾಕಿ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ತುಕ್ಕು ತಡೆಯೋ ಮೇಣ) ಹೊಡೀರಿ, ಹೊರಗಿನ ಬಣ್ಣಕ್ಕಿಂತ ಅದೇ ಗಾಡಿ ಆಯುಸ್ಸು ಹೆಚ್ಚಿಸೋದು. ಚಾಸಿ ನಂಬರ್ ಇರೋ ಕಡೆ ಗ್ರೈಂಡರ್ ಮುಟ್ಟಿಸಲೇಬೇಡಿ, ಅದು ಅಳಿಸಿ ಹೋದ್ರೆ ಎಷ್ಟೇ ಚೆಂದದ ಗಾಡಿ ಆದ್ರೂ ಕಳ್ಳ ಮಾಲಿನ ಥರ ನೋಡ್ತಾರೆ. ಬಣ್ಣಾನೇ ಬದಲಾಯಿಸೋರು ಗಾಡಿ ಕಾಗದದಲ್ಲಿ ಯಾವ ಬಣ್ಣ ಅಂತ ಬರೆದಿದೆ ನೋಡ್ಕೊಂಡು ಮುಂದುವರೀರಿ.

ಮುಂದೆ ಇಂಥಾ ಲೇಖನ ಹಾಕುವಾಗ ಗಾಡಿ ಕೆಳಗಿನ ಒಂದು ಫೋಟೋನೂ ಹಾಕಿ, ಬಣ್ಣ ಹೊಡೆಯೋರು ಏನು ಹಾಕ್ಕೊಂಡಿದ್ರು ಅಂತಾನೂ ಕೇಳಿ ಬರೀರಿ. ಪತ್ರ ಉದ್ದ ಆಯ್ತು ಅಂತ ನಂಗೂ ಗೊತ್ತು, ಜಾಗ ಸಾಲದಿದ್ರೆ ರೋಲರ್ ಭಾಗ, ಜೀಪಿನ ಇತಿಹಾಸ, ಬೇಕಾದ್ರೆ ನ್ಯೂಸ್ ಪೇಪರ್ ಜೋಕನ್ನೂ ಕತ್ತರಿಸಿ, ಐಸೋಸಯನೇಟ್ ಪ್ಯಾರಾ ಮಾತ್ರ ಪೂರ್ತಿ ಹಾಕಿ.

ಇಂತಿ,
ಶೆಡ್ಡಲ್ಲೇ ಇರೋ ನಿಮ್ಮ ಒಬ್ಬ ಓದುಗ